ನಾಲ್ಕನೇ ನಂಬರಿನವರಿಗೆ ಮೂರು ಸಲ

ಕಕ್ಕಸಿನಲ್ಲಿ ಕೂತು ಎದ್ದ ಮೇಲೆ ತಿರುಗಿ ಬಗ್ಗಿ ನೋಡುವ ಅಭ್ಯಾಸ ವೆಂಕಟೇಶಪ್ಪನಿಗೆ ಅಂಟಿಕೊಂಡು ಆ ಭಾನುವಾರಕ್ಕೆ ಹನ್ನೊಂದು ದಿನವಾಗಿತ್ತು. ಅರವತ್ತೊಂದು ವರ್ಷ ಅವನು ಆ ಕಡೆ ಕಣ್ಣು ಹಾಯಿಸಿದವನಲ್ಲ. ನೀರು ಹೊಯ್ದು, ಉಳಿದದ್ದು ಭೂಮಿತಾಯಿಯ ಪಾಲು ಎಂದು ಹೊರಗೆ ಬಂದುಬಿಡುತ್ತಿದ್ದ. ಈಗ ಪೇಪರು ಓದುವ ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಒಳಗೆ ಹೋಗುತ್ತಿದ್ದ. ಹುಳವೇನೂ ಕಾಣುತ್ತಿರಲಿಲ್ಲ. ಕಾಣುವುದೂ ಇಲ್ಲ ಎಂದು ಪಶು ಆಸ್ಪತ್ರೆಯ ಶ್ಯಾಮಲಾ ಡಾಕ್ಟರು ಹೇಳಿದ್ದರು. ಉದ್ದ ಉಗುರಿನಷ್ಟೂ ಇಲ್ಲ, ದಪ್ಪ ಕೂದಲಿನಷ್ಟು, ಕರುಳಿಗೆ ತಲೆ ಚುಚ್ಚಿಕೊಂಡು ಆರಾಮವಾಗಿ ಇರುತ್ತದಂತೆ. ಅಂದರೆ ಕಾಣಲಿಲ್ಲವೆಂದು ಸಮಾಧಾನ ಪಡುವ ಹಾಗೂ ಇಲ್ಲ. ಹೀಗೆ ಬಗ್ಗಿ ನಿಂತಿದ್ದಾಗಲೇ ಹೊರಗಿನಿಂದ ಹೆಂಡತಿ ಪಿಳ್ಳಮ್ಮ ಬಾಗಿಲು ಬಡಿದಳು. "ಒಳಗೆ ಏನ್ ಜಾತಕ ನೋಡ್ತಾ ಇದ್ದೀರ, ಈಚೆ ಬನ್ನಿ. ಬಿಸಿನೀರು ಆರೋಯ್ತದೆ." ವೆಂಕಟೇಶಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿದ. ಅದು ಜೇಬಿನಲ್ಲಿದ್ದ ಕಾಗದಕ್ಕೆ ತಗುಲಿ ಸರಕ್ಕೆಂದಿತು.

ಆ ಕಾಗದವೂ ಹನ್ನೊಂದು ದಿನದ್ದೇ. ನಾಲ್ಕು ಮಡಿಕೆಯಾಗಿ, ಬೆವರಿಗೆ ಮೆತ್ತಗಾಗಿ, ಅಂಗಿಯಿಂದ ಅಂಗಿಗೆ ದಾಟಿಕೊಂಡು ಬಂದಿತ್ತು. ಮೇಲೆ ಅವನ ಹೆಸರು, ಊರು ಮಾಕಳಿ, ಮೇಕೆ ಹದಿನಾರು ಎಂದು ಕನ್ನಡದಲ್ಲಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಹುಳದ್ದೊಂದು ಉದ್ದನೆಯ ಹೆಸರು, ಅದರ ಮುಂದೆ ಮೂರು ಪ್ಲಸ್ಸು. ಪ್ಲಸ್ಸು ನೋಡಿ ಅವನು ಮೊದಲು ಹಿಗ್ಗಿಯೇ ಬಿಟ್ಟಿದ್ದ, ತನ್ನ ಮೇಕೆಗಳು ಒಳ್ಳೆಯ ನಂಬರು ತೆಗೆದವೆಂದು. ಡಾಕ್ಟರು ಕುರ್ಚಿ ಎಳೆದು ಕೂರಿಸಿ ಬಿಡಿಸಿ ಹೇಳಿದ ಮೇಲೆ ಹಿಗ್ಗು ಇಳಿಯಿತು. ಕೆಟ್ಟದ್ದನ್ನು ಕೂಡಿಸುವಾಗಲೂ ಇವರಿಗೆ ಅದೇ ಚಿಹ್ನೆಯೇ ಬೇಕಾಗಿತ್ತೇ ಎಂದು ಬೈದುಕೊಂಡು ಮನೆಗೆ ಬಂದವನು, ಔಷಧಿ ಕೊಟ್ಟಿದ್ದಾರೆ ಎಂದಷ್ಟೇ ಪಿಳ್ಳಮ್ಮನಿಗೆ ಹೇಳಿದ್ದ. ಪರೀಕ್ಷೆಗೆ ಹಿಕ್ಕೆ ಒಯ್ದದ್ದು ಅವಳ ಏಲಕ್ಕಿ ಡಬ್ಬಿಯಲ್ಲಿ ಎಂಬುದನ್ನೂ ಹೇಳಿರಲಿಲ್ಲ. ತೊಳೆದು ಇದ್ದ ಜಾಗದಲ್ಲೇ ಇಟ್ಟಿದ್ದ. ಮೊನ್ನೆ ಪಾಯಸದಲ್ಲಿ ಏಲಕ್ಕಿ ಘಮ್ಮೆಂದಾಗ ಎರಡನೇ ಲೋಟ ಬೇಡ ಎಂದದ್ದಕ್ಕೆ ಅವಳು, ಮೈ ಬಿಸಿ ಇದೆಯೇನೋ ಎಂದು ಅವನ ಹಣೆ ಮುಟ್ಟಿ ನೋಡಿದ್ದಳು.

ಸ್ನಾನ ಮುಗಿಸಿ ಮೆಟ್ಟಿಲಿಳಿದು ವಠಾರಕ್ಕೆ ಬಂದರೆ ಭಾನುವಾರದ ಸಾಲು. ಒಂಬತ್ತು ಮನೆಗೆ ಎರಡು ಕಕ್ಕಸು. ಕಟ್ಟಿಸುವಾಗ ಮೇಸ್ತ್ರಿ ನಾಲ್ಕಾದರೂ ಇರಲಿ ಅಂದಿದ್ದ. ಅಷ್ಟು ಜಾಗದಲ್ಲಿ ಇನ್ನೊಂದು ಮನೆಯೇ ಎದ್ದೀತು ಎಂದು ವೆಂಕಟೇಶಪ್ಪನೇ ಎರಡಕ್ಕೆ ಇಳಿಸಿದ್ದ. ಬಿಜಾಪುರ, ಬಾಗಲಕೋಟೆ, ಯಾದಗಿರಿಯ ಕಡೆಯವರೆಲ್ಲ ಬಕೆಟ್ಟು ಮಗ್ಗು ಹಿಡಿದು ನಿಂತಿದ್ದರು. ಸಾಲಿನ ನಡುವೆ ನಾಲ್ಕನೇ ನಂಬರಿನ ಮಲಕವ್ವ ಕೆಂಪು ಮಗ್ಗನ್ನು ಹೊಟ್ಟೆಗೆ ಒತ್ತಿಕೊಂಡು ತುಸು ಬಾಗಿ ನಿಂತಿದ್ದಳು. ಅವನನ್ನು ಕಂಡ ಕೂಡಲೇ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಏನೋ ಮರೆತವಳಂತೆ ಸಾಲು ಬಿಟ್ಟು ತನ್ನ ಮನೆಯ ಕಡೆ ನಡೆದಳು. ಏನು ಮರೆತಳೆಂದು ಅವನಿಗೆ ಗೊತ್ತಿತ್ತು. ಕಕ್ಕಸಿನ ಬಾಗಿಲ ಮೇಲೆ ಅವನದೇ ಕೈಬರಹದಲ್ಲಿ, ಮನೆಗಳಿಗೆ ನಂಬರು ಬರೆದು ಮಿಕ್ಕಿದ್ದ ಕೆಂಪು ಆಯಿಲ್ ಪೇಂಟಿನಲ್ಲಿ ಬರೆದಿತ್ತು: "ನಾಲ್ಕನೇ ನಂಬರಿನವರಿಗೆ ದಿನಕ್ಕೆ ಮೂರು ಸಲ ಮಾತ್ರ. ನೀರು ಎಲ್ಲರದು." ಗಂಟೆ ಒಂಬತ್ತೂ ಆಗಿರಲಿಲ್ಲ. ಅವಳ ಮೂರು ಸಲ ಆಗಲೇ ಮುಗಿದಿರಬೇಕು.

ಮೂರು ವಾರದ ಹಿಂದೆ ಅದನ್ನು ಬರೆದ ದಿನ ಅವನಿಗೆ ತನ್ನ ಬಗ್ಗೆ ತುಂಬಾ ಒಳ್ಳೆಯ ಅಭಿಪ್ರಾಯವಿತ್ತು. ಟ್ಯಾಂಕು ಮಧ್ಯಾಹ್ನಕ್ಕೇ ಬರಿದಾಗಿತ್ತು. ವಿಚಾರಿಸಿದರೆ ಎಲ್ಲರ ಕಣ್ಣೂ ನಾಲ್ಕನೇ ನಂಬರಿನ ಕಡೆ ಹೊರಳಿತ್ತು. ಎಷ್ಟು ಸಲ ಹೋಗ್ತೀಯಮ್ಮ, ಅಲ್ಲೇನು ಗುತ್ತಿಗೆ ಹಿಡಿದಿದ್ದೀಯಾ ಎಂದು ಅಂಗಳದ ಮಧ್ಯೆ ನಿಂತು ಕೇಳಿದ್ದ. ಗಂಡಸರು ನಕ್ಕಿದ್ದರು. ಅವಳ ಗಂಡ ರೇವಣಸಿದ್ದ ಕಬ್ಬಿಣದ ಫ್ಯಾಕ್ಟರಿಯ ಪಾಳಿಗೆ ಹೋಗಿದ್ದ. ಮಲಕವ್ವ ತನ್ನ ಬಾಗಿಲ ಚಿಲಕ ಹಿಡಿದುಕೊಂಡು, "ಹೊಟ್ಟಿ ಕೆಟ್ಟೈತ್ರಿ ಮಾಲಕ್ರ," ಎಂದಿದ್ದಳು, ಹೊಟ್ಟೆಯ ಪರವಾಗಿ ತಾನೇ ಕ್ಷಮೆ ಕೇಳುವಂತೆ. ಅವನು ಪೇಂಟಿನ ಡಬ್ಬಿ ತರಿಸಿ, ಅಕ್ಷರ ಸೊಟ್ಟಗಾಗದಂತೆ ನೂಲು ಹಿಡಿದು ಬರೆದಿದ್ದ. ಅಕ್ಷರ ಚೆನ್ನಾಗಿ ಬಂದಿದೆ ಎಂದು ಪಿಳ್ಳಮ್ಮನನ್ನು ಕರೆದು ತೋರಿಸಿಯೂ ಇದ್ದ. ಅವಳಿಗೆ ಓದು ಬಾರದು. ಕೆಂಪು ಮೊಖಕ್ಕೆ ಹೊಡೀತದೆ ಎಂದು ಹೇಳಿ ಹೋಗಿದ್ದಳು.

ಸಾಲಿನವರ ನಮಸ್ಕಾರಗಳನ್ನು ದಾಟಿ ಅವನು ಹಿಂದಿನ ಶೆಡ್ಡಿಗೆ ಹೋದ. ಒಂದು ಕಡೆ ಪೌಡರ್ ಕೋಟಿಂಗ್ ಫ್ಯಾಕ್ಟರಿಯ ಗೋಡೆ, ಇನ್ನೊಂದು ಕಡೆ ಗೋಡೌನು. ನಡುವೆ ಉಳಿದ ಎಂಟು ಗುಂಟೆಯಲ್ಲಿ ತಗಡಿನ ಕೆಳಗೆ ಹದಿನಾರು ಮೇಕೆ, ಅದರ ಆಚೆಗೆ ಸೊಪ್ಪಿನ ಮಡಿ. ಊರಿಗೆ ಊರೇ ಬಾಡಿಗೆ ಎಣಿಸಿಕೊಂಡು ಕೂತಿರುವಾಗ ತಾನೊಬ್ಬ ಇನ್ನೂ ಮಣ್ಣು ಮುಟ್ಟುತ್ತೇನೆ ಎಂಬ ಜಂಬ ಅವನದು. ಮೇಕೆಯ ಹಿಕ್ಕೆ ಗುಡಿಸಿ ಅವತ್ತಿಂದವತ್ತಿಗೇ ಮಡಿಗೆ ಚೆಲ್ಲುವುದು, ಮೆಂತ್ಯ ಕೊತ್ತಂಬರಿ ದಂಟು ಎದ್ದು ನಿಲ್ಲುವುದು, ಅದನ್ನು ಕಟ್ಟು ಕಟ್ಟಿ ವಠಾರದವರಿಗೆ ಪುಕ್ಕಟೆ ಹಂಚುವುದು. ಅಂಗಡಿ ಸೊಪ್ಪೆಲ್ಲ ಔಷಧಿ ಹೊಡೆದಿದ್ದು, ಇದು ಶುದ್ಧ, ತಿನ್ರಪ್ಪ ಎಂದು ಹೇಳಿಯೇ ಕೊಡುತ್ತಿದ್ದ. ಮೇಕೆಗಳು ಈಗ ತಲೆಯೆತ್ತಿ ಅವನನ್ನು ನೋಡಿದವು. ದೊಡ್ಡ ಹೋತ ದವಡೆಯನ್ನು ಅಡ್ಡಡ್ಡ ಆಡಿಸುತ್ತ, ಅವನ ಕಡೆಯಿಂದ ಕಣ್ಣು ತೆಗೆಯದೆಯೇ ಬಾಲ ಎತ್ತಿ ಒಂದು ಹಿಡಿ ಹಿಕ್ಕೆ ಉದುರಿಸಿತು. ಅದಕ್ಕೇನು ನಾಚಿಕೆ. ಅದರ ಬಾಗಿಲ ಮೇಲೆ ಯಾರೂ ಏನೂ ಬರೆದಿಲ್ಲ.

ಡಾಕ್ಟರು ಒಂದೇ ಒಂದು ಪ್ರಶ್ನೆ ಕೇಳಿದ್ದರು. "ನೋಡಿ, ಇದು ಬರೀ ಮೇಕೆ ಪ್ರಾಬ್ಲಮ್ ಅಲ್ಲ. ಹಿಕ್ಕೇಲಿ ಮೊಟ್ಟೆ ಇರುತ್ತೆ, ನೆಲದ ಮೇಲೆ ಮರಿ ಆಗುತ್ತೆ, ಸೊಪ್ಪಿನ ಮೇಲೆ ಹತ್ತುತ್ತೆ. ಹಸೀದು ತಿಂದ್ರೆ ಮನುಷ್ಯರ ಹೊಟ್ಟೆಗೂ ಹೋಗುತ್ತೆ. ಹೊಟ್ಟೆನೋವು, ಭೇದಿ, ಸುಸ್ತು. ನೀವು ಸೊಪ್ಪು ಹಸೀದು ತಿಂತೀರಾ?" ಅವನು ಎದೆಯುಬ್ಬಿಸಿ ಉತ್ತರ ಕೊಟ್ಟಿದ್ದ. "ನಾವಾ? ಇಲ್ಲ ಮೇಡಂ. ನಮ್ಮನೇಲಿ ಬೇಯ್ಸಿ ಅದರ ಜೀವ ತೆಗೆದ್ಬಿಟ್ಟೇ ತಿನ್ನೋದು." ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಿಳ್ಳಮ್ಮ ಸೊಪ್ಪು ಬೇಯಿಸಿ, ಬಸಿದು, ಬಸಿದ ನೀರನ್ನು ಸಾರು ಮಾಡಿ ಮತ್ತೆ ಕುದಿಸುವವಳು. ಹಸಿ ಎಲೆ ಬಾಯಿಗಿಡುವುದು ಮೇಕೆಯ ಕೆಲಸ ಎಂದೇ ಆ ಮನೆಯಲ್ಲಿ ನಂಬಿಕೆ. ಸರಿ ಬಿಡಿ, ಹಾಗಾದ್ರೆ ನಿಮಗೆ ಭಯ ಇಲ್ಲ ಎಂದು ಡಾಕ್ಟರು ಮುಂದಿನ ಎಮ್ಮೆಯ ಕಡೆ ತಿರುಗಿದ್ದರು. ಆಸ್ಪತ್ರೆಯ ಗೇಟು ದಾಟಿ ಸ್ಕೂಟರಿಗೆ ಕೀಲಿ ಹಾಕುವಾಗ ಅವನ ಕಣ್ಣ ಮುಂದೆ ಮಲಕವ್ವನ ತಟ್ಟೆ ಬಂದು ನಿಂತಿತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ಹಿಡಿ ಹಸಿ ಮೆಂತ್ಯ, ಬೇರು ಕಿತ್ತು ತೊಳೆದದ್ದು ಅಷ್ಟೇ. ಮೊದಲ ಸಲ ನೋಡಿದಾಗ ಅವನು ಗಹಗಹಿಸಿ ನಕ್ಕಿದ್ದ, ಏನಮ್ಮ ನೀನು ನಮ್ ಮೇಕೆ ತಿಂದಂಗೆ ತಿಂತೀಯಲ್ಲ ಎಂದು. ಅವಳೂ ನಕ್ಕಿದ್ದಳು. ನಮ್ಮ ಕಡಿ ಹಿಂಗರಿ, ಹಸಿ ಪಲ್ಲೆ ಇಲ್ಲದ ರೊಟ್ಟಿ ಇಳಿಯೂದಿಲ್ಲ. ನೀವು ಕೊಡೂದು ಹೊಲದಾಗ ಕಿತ್ತಂಗ ಇರತೈತಿ, ನಮ್ಮಪ್ಪ ಇದ್ದಂಗ ನೋಡ್ರಿ ನೀವು ಎಂದಿದ್ದಳು. ಅಪ್ಪನ ಹಾಗೆ ಎಂಬ ಮಾತಿನ ಸುಖಕ್ಕೆ ಅವನು ಆ ವಾರದಿಂದ ನಾಲ್ಕನೇ ನಂಬರಿಗೆ ಕಟ್ಟನ್ನು ತುಸು ದಪ್ಪ ಮಾಡಿದ್ದ.

ಇಷ್ಟಾದರೂ ತಪ್ಪು ಅವನದಲ್ಲ ಎನ್ನಬಹುದಿತ್ತು. ಗೊತ್ತಿಲ್ಲದೆ ಕೊಟ್ಟದ್ದು. ಅವಳ ಹೊಟ್ಟೆ ಕೆಟ್ಟದ್ದು ಬಸ್ ಸ್ಟಾಪಿನ ಗೋಬಿ ಮಂಚೂರಿಯಿಂದಲೂ ಇರಬಹುದು. ಆದರೆ ಡಾಕ್ಟರು ಹೇಳಿದ ಮಾರನೆಯ ದಿನ, ಗುರುವಾರ, ತನ್ನ ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಬಂದ ಮಲಕವ್ವ ಎಂದಿನಂತೆ ಮಡಿಯ ಹತ್ತಿರ ನಿಂತಾಗ, ಎಂದಿನಂತೆ ಅವನ ಕೈಯೇ ಮೆಂತ್ಯ ಕಿತ್ತು ಕಟ್ಟು ಮಾಡಿ ಕೊಟ್ಟುಬಿಟ್ಟಿತ್ತು. ಕೊಡದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೇಳಿದರೆ ಇಷ್ಟು ವರ್ಷ ಹಂಚಿದ್ದು ಸೊಪ್ಪಲ್ಲ, ಮೇಕೆಯ ಹೇಲು ಎಂದಾಗುತ್ತಿತ್ತು. ನಿನ್ನೆ ಶನಿವಾರ ಪಿಳ್ಳಮ್ಮ ಏನೂ ತಿಳಿಯದೆ ಇನ್ನೊಂದು ಕಟ್ಟು ಕೊಟ್ಟಳು. ಅವನು ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿ, ಕೆಮ್ಮಿ, ಒಳಗೆ ಹೋದ. ಥೂ ಎಂದು ಅವನಿಗೆ ತನ್ನ ಮೇಲೇ ಅನ್ನಿಸಿತ್ತು. ಥೂ ಅಂದುಕೊಂಡೇ ಟೀವಿ ಹಾಕಿದ್ದ.

"ಮಾಲಕ್ರ," ಎಂದು ಹಿಂದಿನಿಂದ ದನಿ ಬಂತು. ಮಲಕವ್ವ ಶೆಡ್ಡಿನ ಬಾಯಲ್ಲಿ ನಿಂತಿದ್ದಳು. ಮುಖ ಇಳಿದು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಒಂದ ಮಾತ ಕೇಳೂದಿತ್ರಿ. ಮನಿಗಿ ಬರ್ರಿ, ರೊಟ್ಟಿ ಬಿಸಿ ಅದಾವ." ಬೇಡವೆನ್ನಲು ಅವನಿಗೆ ಕಾರಣ ಸಿಗಲಿಲ್ಲ, ಇದ್ದ ಒಂದೇ ಕಾರಣ ಜೇಬಿನಲ್ಲಿತ್ತು. ಅವಳ ಹಿಂದೆ ಹೋಗಿ ನಾಲ್ಕನೇ ನಂಬರಿನ ಹೊಸ್ತಿಲ ಒಳಗೆ ಚಾಪೆಯ ಮೇಲೆ ಕೂತ. ರೇವಣಸಿದ್ದ ಭಾನುವಾರದ ಓವರ್‌ಟೈಮಿಗೆ ಹೋಗಿದ್ದನಂತೆ. ಅವಳು ತಟ್ಟೆ ಇಟ್ಟು ರೊಟ್ಟಿ ಹಾಕಿ, ಚಟ್ನಿ ಹಾಕಿ, ಗಟ್ಟಿ ಮೊಸರು ಹಾಕಿ, ಕೊನೆಗೆ ನಿನ್ನೆಯ ಕಟ್ಟಿನಿಂದ ಬಿಡಿಸಿದ ಹಸಿ ಮೆಂತ್ಯವನ್ನು ಅಂಚಿಗೆ ಇಟ್ಟಳು. ನೀರಿನ ಹನಿ ಇನ್ನೂ ಅದರ ಮೇಲಿತ್ತು. ವೆಂಕಟೇಶಪ್ಪನಿಗೆ ಕನ್ನಡಕ ಹಾಕಿಕೊಳ್ಳಬೇಕೆನ್ನಿಸಿತು.

"ಫ್ಯಾಕ್ಟರ್ಯಾಗ ನಿಮಗ ಗುರುತಿನವರು ಅದಾರೇನ್ರಿ?" ಎಂದು ಮಲಕವ್ವ ಕೇಳಿದಳು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಅವಳು ಕಾಲರು ಹೊಲಿಯುತ್ತಿದ್ದಳು. "ಅಲ್ಲಿ ಸಂಡಾಸಕ್ಕ ಹೋಗಾಕ ಟೋಕನ್ ರಿ, ಇಡೀ ಲೈನಿಗೆ ಒಂದ. ನಾ ಒಬ್ಬಾಕೀನ ಇಟಗೊಂಡ ಕುಂಡ್ರತೀನಂತ ಸೂಪರ್‌ವೈಜರ್ ಬೈತಾನ. ಡಾಕ್ಟರ ಹಂತ್ಯಾಕ ಮೂರ ಸಲ ಹೋದೆ, ಗ್ಯಾಸ ಅಂತ ಗುಳಿಗಿ ಕೊಟ್ಟ ಕಳಸ್ತಾರ. ಗ್ಯಾಸ ಅಂದ್ರ ರೋಗ ಅಲ್ಲಂತ್ರಿ ಆ ಸೂಪರ್‌ವೈಜರಗ. ರೋಗದ ಹೆಸರ ಬರಸ್ಕೊಂಡ ಸೋಮಾರ ಬಾ, ಇಲ್ಲಂದ್ರ ಬರಬ್ಯಾಡ ಅಂದಾನ. ಸೋಮಾರ ಅಂದ್ರ ನಾಳೀನ. ನೀವೊಂದ ಮಾತ ಹೇಳಿದ್ರ..." ಎಂದು ನಿಲ್ಲಿಸಿದಳು. ಇಲ್ಲಿಯ ಬಾಗಿಲ ಬರಹದ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿದ್ದರೆ ಅವನು ದಬಾಯಿಸಬಹುದಿತ್ತು, ಎದ್ದು ಹೋಗಬಹುದಿತ್ತು. ರೋಗದ ಹೆಸರು ಇಂಗ್ಲಿಷಿನಲ್ಲಿ, ಮೂರು ಪ್ಲಸ್ಸಿನ ಸಮೇತ, ಅವನ ಎದೆಗೆ ಅಂಟಿಕೊಂಡು ಕೂತಿತ್ತು. ಈಗ ಹೇಳಬೇಕು ಎಂದು ಬಾಯಿ ತೆರೆದ. ಬಾಯಿ ತೆರೆದದ್ದಕ್ಕೆ ಏನಾದರೂ ನೆಪ ಬೇಕಾಗಿ, ಮೆಂತ್ಯದ ಒಂದು ಎಸಳು ತೆಗೆದು ಒಳಗೆ ಹಾಕಿಕೊಂಡ.

ಅರವತ್ತೊಂದು ವರ್ಷದಲ್ಲಿ ಮೊದಲ ಹಸಿ ಎಲೆ. ಕಹಿ, ಅದರ ಹಿಂದೆಯೇ ಸಣ್ಣಗೆ ಒಂದು ಸಿಹಿ. ರುಚಿಯಾಗಿಯೇ ಇತ್ತು, ಅದೇ ದೊಡ್ಡ ಅನ್ಯಾಯ. ಅವನು ಇನ್ನೊಂದು ಎಸಳು ಹಾಕಿಕೊಂಡ, ಮತ್ತೊಂದು. ರೊಟ್ಟಿ ಮುರಿದು ಅದರೊಳಗೆ ಒಂದು ಹಿಡಿ ತುರುಕಿ ಅಗಿದ. ತಾನೂ ತಿಂದರೆ ಇಬ್ಬರೂ ಸಮವಾದೆವು ಎಂಬ ವಿಚಾರ ಎಲ್ಲಿಂದಲೋ ಬಂದು, ಅಗಿಯುತ್ತ ಹೋದಂತೆ ದೊಡ್ಡ ಧರ್ಮದ ಹಾಗೆ ಕಾಣತೊಡಗಿತು. ಹೋಗಲಿ, ಬರಲಿ ನನಗೂ, ನಾನೂ ಓಡುತ್ತೇನೆ ಮಗ್ಗು ಹಿಡಿದು. ಕಣ್ಣಲ್ಲಿ ನೀರು ತುಂಬಿತು. ಚಟ್ನಿ ಖಾರವೇನ್ರಿ ಎಂದು ಅವಳು ಮೊಸರು ಬಡಿಸಿದಳು. ಇದೆಲ್ಲ ಹೇಳುವುದನ್ನು ತಪ್ಪಿಸಿಕೊಳ್ಳುವ ಇನ್ನೊಂದು ದಾರಿ ಎಂದು ಅವನಿಗೆ ತಿಳಿಯದೆ ಇರಲಿಲ್ಲ. ತನ್ನ ಪಾಲಿನ ಹುಳವನ್ನು ಗುಟ್ಟಾಗಿ ನುಂಗಿ, ಕೈ ತೊಳೆದು, ಆ ಸೂಪರ್‌ವೈಸರಿಗೆ ಒಂದು ಮಾತು ಹೇಳಿಸ್ತೀನಮ್ಮ ಎಂದು ಎದ್ದು ಹೋಗಿಬಿಡುತ್ತಿದ್ದನೋ ಏನೋ. ಆದರೆ ಮಲಕವ್ವ ಎದುರಿಗೆ ತನ್ನ ತಟ್ಟೆಯನ್ನೂ ಎಳೆದುಕೊಂಡು ಕೂತಳು. ಎಡಗೈಯಲ್ಲಿ ಹೊಟ್ಟೆ ಒತ್ತಿಕೊಂಡು, ಬಲಗೈಯಲ್ಲಿ ಮೆಂತ್ಯದ ದೊಡ್ಡ ತುತ್ತು ಎತ್ತಿದಳು.

"ತಿನ್ಬೇಡ," ಎಂದ ವೆಂಕಟೇಶಪ್ಪ. ಅವಳ ಕೈ ನಿಂತಿತು. "ಮಡಗು ಕೆಳಕ್ಕೆ. ಅದರಾಗೆ ಹುಳ ಐತೆ ಕಣಮ್ಮ."

"ಪಲ್ಲೆದಾಗ ಹುಳ ಇರಾವೇರಿ. ತೊಳದೀನಿ."

"ಅಂತಾ ಹುಳ ಅಲ್ಲ. ಮೇಕೆ ಹೊಟ್ಟೇದು." ಅವನು ಕಾಗದ ತೆಗೆದು ಚಾಪೆಯ ಮೇಲೆ ಬಿಡಿಸಿದ. ಎಂಜಲ ಕೈ ತಗುಲಿ ಒಂದು ಪ್ಲಸ್ಸಿನ ಮೇಲೆ ಮೊಸರು ಬಿತ್ತು. ಹಿಕ್ಕೆ, ಮೊಟ್ಟೆ, ಮರಿ, ಸೊಪ್ಪು, ಹೊಟ್ಟೆ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಹೇಳಿದ, ಪರೀಕ್ಷೆಗೆ ಬಾಯಿಪಾಠ ಮಾಡಿದವನ ಹಾಗೆ. ನಿಂದು ಇದೇ ಅಂತ ಗ್ಯಾರಂಟಿ ಇಲ್ಲ, ಇರಬೋದು, ಮನುಷ್ಯರ ಡಾಕ್ಟರೇ ನೋಡಿ ಯೋಳಬೇಕು, ಮಾತ್ರೆ ಐತಂತೆ, ತಗೊಂಡ್ರೆ ಓಗ್ತದಂತೆ ಎಂದೂ ಸೇರಿಸಿದ. ಮಲಕವ್ವ ಕಾಗದ ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

"ಯಾವತ್ತ ಗೊತ್ತಾತ್ರಿ ನಿಮಗ?"

ಅವನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. "ಹೋದ ಬುಧವಾರದ ಹಿಂದಿನ ಬುಧವಾರ."

ಅವಳು ಬೆರಳು ಮಡಚಿದಳು. "ಮರುದಿನ ಬೇಸ್ತವಾರ ಒಂದ ಕಟ್ಟ ಕೊಟ್ರಿ. ನಿನ್ನಿ ಅಮ್ಮಾರು ಒಂದ ಕಟ್ಟ ಕೊಟ್ರು." ಎರಡು ಬೆರಳು ಮಡಚಿಕೊಂಡೇ ಅವನ ತಟ್ಟೆಯ ಕಡೆ ನೋಡಿದಳು. ಅಂಚಿನಲ್ಲಿ ಮೆಂತ್ಯದ ಒಂದು ದಂಟು ಮಾತ್ರ ಉಳಿದಿತ್ತು. "ಮತ್ತ ಎಲ್ಲಾ ಗೊತ್ತಿದ್ದು ಈಗ ನೀವ್ಯಾಕ ತಿಂದ್ರಿ?"

ವೆಂಕಟೇಶಪ್ಪ ಆ ದಂಟನ್ನು ಚಟ್ನಿಯ ಕೆಳಗೆ ಸರಿಸಿದ. "ನೀವ ತಿಂದ್ರ ನನ್ನ ಹೊಟ್ಟಿ ಕಡಿಮಿ ಆಗತೈತೇನ್ರಿ?" ಎಂದಳು. ಜೋರು ಮಾಡಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ಅವನ ದೊಡ್ಡ ಧರ್ಮ ಬಾಯಲ್ಲಿ ಹಸಿ ಸೊಪ್ಪಿನ ನಾರಾಗಿ ಹಲ್ಲಿನ ಸಂದಿಯಲ್ಲಿ ಉಳಿಯಿತು. ಅವಳು ಕಾಗದವನ್ನು ಸೆರಗಿನಿಂದ ಒರೆಸಿ ಮಡಚಿದಳು, ಆದರೆ ಇಟ್ಟುಕೊಳ್ಳದೆ ಅವನ ಕಡೆಗೇ ಚಾಚಿದಳು. "ನಾಳಿ ಮುಂಜಾನೆ ಆಸ್ಪತ್ರಿಗಿ ನೀವ ಬರ್ರಿ. ಆಡಿಂದು, ನಮ್ಮ ಆಡಿಂದು ಅಂತ ನಿಮ್ಮ ಬಾಯಿಲೆ ಹೇಳ್ರಿ. ನಾ ಹೇಳಿದ್ರ ಮತ್ತ ಗ್ಯಾಸ ಅಂತಾರ." ಅವನು ಕಾಗದ ಇಸಿದುಕೊಂಡು ಆಗಲಿ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಅವಳ ಮುಖ ಕಿವುಚಿತು. ತಟ್ಟೆ ಸರಿಸಿ ಎದ್ದು ಕೆಂಪು ಮಗ್ಗು ತೆಗೆದುಕೊಂಡು ಹೊಸ್ತಿಲು ದಾಟಿದವಳು, ಏನೋ ನೆನಪಾಗಿ ನಿಂತು ತಿರುಗಿದಳು.

"ಇದು ನಾಕನೇ ಸಲರಿ, ಮಾಲಕ್ರ. ಹೋಗ್ಲ್ಯಾ?"

ಅವಳು ಚುಚ್ಚಿ ಕೇಳಿದಳೋ, ನಿಜವಾಗಿ ಅಪ್ಪಣೆ ಕೇಳಿದಳೋ ಅವನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಎಂಜಲ ಕೈಯಲ್ಲೇ ಎದ್ದು ಅವಳಿಗಿಂತ ಮುಂದೆ ಓಡಿದ. "ಬಿಡ್ರಪ್ಪ, ದಾರಿ ಬಿಡ್ರಿ," ಎಂದು ಸಾಲನ್ನು ಸೀಳಿದ. ಮುಂದೆ ನಿಂತಿದ್ದ ಏಳನೇ ನಂಬರಿನ ಬಸಲಿಂಗ ಹಲ್ಲುಜ್ಜುವ ಬ್ರಶ್ಶನ್ನು ಬಾಯಿಂದ ತೆಗೆದು, "ನಾಕನೇ ನಂಬರಂದು ಇವತ್ತಿಂದು ಮುಗದೈತ್ರಿ ಮಾಲಕ್ರ. ಬಾಗಲಾ ನೋಡ್ರಿ, ನೀವ ಬರದೀರಿ," ಎಂದ. ಒಂದಿಬ್ಬರು ನಕ್ಕರು. ಮಲಕವ್ವ ಯಾರನ್ನೂ ನೋಡದೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮುಚ್ಚಿದ ಬಾಗಿಲ ಮೇಲೆ ನೂಲು ಹಿಡಿದು ಬರೆದ ಅಕ್ಷರಗಳು ಅವನ ಮೂಗಿನ ನೇರಕ್ಕೆ ಬಂದವು. ಅವನು ಅಂಗೈಯಿಂದ ಉಜ್ಜಿದ. ಮೊಸರು ಚಟ್ನಿ ಮೆತ್ತಿತು, ಪೇಂಟು ಕದಲಲಿಲ್ಲ. ಉಗುರಿನಿಂದ ಕೆರೆದ. ನಾಲ್ಕು ಎಂಬುದರ ತಲೆಕಟ್ಟಿನ ಒಂದು ಚೂರು ಎದ್ದು ಉಗುರಿನೊಳಗೆ ಸೇರಿಕೊಂಡಿತು.

ಕೆರೆಯುವುದನ್ನು ಬಿಟ್ಟು ಸಾಲಿನ ಕಡೆ ತಿರುಗಿದ. ಎಂಟು ಮಂದಿ, ಎಂಟು ಬಕೆಟ್ಟು. "ನನ್ ಮೇಕೆ ಹುಳ ಕಣ್ರಪ್ಪ," ಎಂದ. ದನಿ ಅವನೆಣಿಸಿದ್ದಕ್ಕಿಂತ ಜೋರಾಗಿ ಬಂತು. "ನಾನು ಕೊಟ್ಟ ಸೊಪ್ಪಾಗೆ ಬಂದಿದ್ದು. ಆಯಮ್ಮಂದು ಏನೂ ತೆಪ್ಪಿಲ್ಲ. ಗೊತ್ತಾದ ಮ್ಯಾಲೂ ಕೊಟ್ಟೆ. ನೀವೂ ತಿಂದಿದ್ರೆ ತೋರ್ಸ್ಕೊಳಿ." ಬಸಲಿಂಗ ಬಾಯಲ್ಲಿದ್ದ ನೊರೆಯನ್ನು ಉಗಿಯಲೂ ನುಂಗಲೂ ಆಗದೆ ನಿಂತಿದ್ದ. ಹಿಂದಿನಿಂದ ಯಾರೋ, ಕೊತ್ತಂಬ್ರಿದಾಗೂ ಇರತಾವೇನ್ರಿ ಎಂದು ಮೆಲ್ಲಗೆ ಕೇಳಿದರು. ಮೇಲೆ ಮೆಟ್ಟಿಲ ತುದಿಯಲ್ಲಿ ಪಿಳ್ಳಮ್ಮ ಸೌಟು ಹಿಡಿದು ನಿಂತಿರುವುದು ಆಗ ಅವನ ಕಣ್ಣಿಗೆ ಬಿತ್ತು. ಏಲಕ್ಕಿ ಡಬ್ಬಿಯ ಮಾತು ಇನ್ನೂ ಬಾಕಿಯಿತ್ತು.

ಒಳಗಿನಿಂದ ಮಗ್ಗಿನಲ್ಲಿ ನಲ್ಲಿ ತಟ್ಟಿದ ಸದ್ದಾಯಿತು. "ನೀರ ಬರವಲ್ದು," ಎಂದಳು ಮಲಕವ್ವ. ಬರುವುದು ಹೇಗೆ. ಟ್ಯಾಂಕಿನ ವಾಲ್ವನ್ನು ಸ್ನಾನಕ್ಕೆ ಮೊದಲೇ, ದಿನವೂ ಮಾಡುವಂತೆ, ಅವನೇ ಮುಚ್ಚಿ ಬಂದಿದ್ದ. ಮಹಡಿಗೆ ಹತ್ತಿ ತಿರುಗಿಸಿ ಇಳಿಯುವಷ್ಟು ಹೊತ್ತಿರಲಿಲ್ಲ. ಬಸಲಿಂಗನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಶೆಡ್ಡಿನ ಪಕ್ಕದ ಡ್ರಮ್ಮಿಗೆ ಓಡಿದ. ಮೇಕೆಗಳು ಮತ್ತೆ ತಲೆಯೆತ್ತಿದವು. ಅವು ಕುಡಿಯುವ ನೀರಿನಲ್ಲೇ ಬಕೆಟ್ಟು ಮುಳುಗಿಸಿ ತುಂಬಿ, ಪಂಚೆ ಒದ್ದೆ ಮಾಡಿಕೊಂಡು, ಎಂಟು ಮಂದಿಯ ಎದುರಿಗೆ ಹೊತ್ತು ತಂದ. ಬಾಗಿಲ ಮುಂದೆ ಬಕೆಟ್ಟಿಟ್ಟು, ಮುಖ ಗೋಡೆಯ ಕಡೆ ತಿರುಗಿಸಿ ನಿಂತು, "ನೀರು ಮಡಗೀನಿ ಕಣಮ್ಮ," ಎಂದ.

ಬಾಗಿಲು ಒಂದು ಗೇಣು ತೆರೆಯಿತು. ಹಸಿರು ಬಳೆಯ ಕೈಯೊಂದು ಹೊರಗೆ ಬಂದು ಬಕೆಟ್ಟನ್ನು ಒಳಗೆ ಎಳೆದುಕೊಂಡಿತು. ನೀರು ಸುರಿದ ಸದ್ದು. ಸ್ವಲ್ಪ ಹೊತ್ತಿಗೆ ಖಾಲಿ ಬಕೆಟ್ಟು ಅದೇ ಸಂದಿಯಿಂದ ಹೊರಗೆ ಬಂತು.

"ಸಾಲೂದಿಲ್ಲ," ಎಂದಳು ಮಲಕವ್ವ ಒಳಗಿನಿಂದ. "ಇನ್ನೊಂದ ತರ್ರಿ."